ಕೈ ಅಲ್ಲಿಯೇ ಇತ್ತು, ಕುತ್ತಿಗೆ ತಿರುಗಿತು

ಇಪ್ಪತ್ತೆರಡು ವರ್ಷಗಳಿಂದ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಬಲಗೈಯಲ್ಲಿ ಹಲಗೆಯ ಮೇಲೆ ಬರೆಯುತ್ತ, ಮುಖವನ್ನು ಎಡಕ್ಕೆ ತಿರುಗಿಸಿ ತರಗತಿಯನ್ನು ನೋಡುತ್ತ ಪಾಠ ಮಾಡುವುದು ನನ್ನ ಅಭ್ಯಾಸ. ಮಕ್ಕಳಿಗೆ ಪೂರ್ತಿ ಬೆನ್ನು ಹಾಕಿದರೆ ಹಿಂದಿನ ಬೆಂಚು ಕೈತಪ್ಪುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಿದ್ದೆ.

ಆ ದಿನ ಹತ್ತನೇ ತರಗತಿಗೆ ಸಮರೂಪ ತ್ರಿಭುಜಗಳ ಪಾಠ. ಹಲಗೆಯ ಮೇಲ್ತುದಿಗೆ ಕೈ ಚಾಚಿ ಗೆರೆ ಎಳೆಯುತ್ತಿದ್ದೆ. ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿ ತಲೆ ತಿರುಗಿಸಿದೆ. ಕುತ್ತಿಗೆಯಿಂದ ಹೆಬ್ಬೆರಳಿನ ತನಕ ಕಾದ ತಂತಿಯೊಂದನ್ನು ಸರ್ರನೆ ಎಳೆದ ಹಾಗಾಯಿತು. ಚಾಕ್‌ಪೀಸ್ ಕೆಳಗೆ ಬಿತ್ತು. ಒಬ್ಬಳು ಹುಡುಗಿ ಎದ್ದು ಬಂದು ಅದನ್ನು ಹೆಕ್ಕಿಕೊಟ್ಟಳು. ನಾನು ಅದನ್ನು ಎಡಗೈಯಲ್ಲಿ ತೆಗೆದುಕೊಂಡೆ. ಉಳಿದ ಅರ್ಧ ಗಂಟೆ ಪುಸ್ತಕ ನೋಡಿ ಲೆಕ್ಕ ಹೇಳಿಕೊಟ್ಟೆ. ಕೈ ಉಳುಕಿರಬೇಕು, ನಾಳೆಗೆ ಸರಿಯಾಗುತ್ತದೆ ಎಂದುಕೊಂಡೆ.

ನಾಳೆಗೆ ಸರಿಯಾಗಲಿಲ್ಲ. ಒಂದು ತಿಂಗಳಿಗೂ ಆಗಲಿಲ್ಲ. ಎಣ್ಣೆ ಹಚ್ಚಿದೆ, ಬಿಸಿನೀರಿನ ಶಾಖ ಕೊಟ್ಟೆ, ಮೂಡುಬಿದಿರೆಯಲ್ಲಿ ನಮ್ಮ ಮಾಮೂಲಿ ಡಾಕ್ಟರು ಕೊಟ್ಟ ಮಾತ್ರೆ ನುಂಗಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಜೋಮು ಹಿಡಿದವು. ನಾಣ್ಯ ಹಿಡಿದರೆ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಚಹಾದ ಲೋಟ ಎರಡು ಸಲ ಕೈಯಿಂದ ಜಾರಿತು. ಎರಡನೆಯ ಸಲ ಮಾಮಿ ಒರಸುವ ಬಟ್ಟೆ ತಂದರು.

ಮಾಮಿ ಅಂದರೆ ನನ್ನ ಗಂಡನ ತಾಯಿ. ನಮ್ಮ ತುಳುವಿನಲ್ಲಿ ಅತ್ತೆಯನ್ನು ಹಾಗೆಯೇ ಕರೆಯುವುದು. ನನ್ನ ಗಂಡ ಹರೀಶರು ಹದಿನಾಲ್ಕು ವರ್ಷದಿಂದ ಗಲ್ಫಿನಲ್ಲಿದ್ದಾರೆ, ಒಂದು ಹೋಟೆಲಿನ ಅಡುಗೆ ವಿಭಾಗದಲ್ಲಿ ಕೆಲಸ. ಬೆಳುವಾಯಿಯ ಮನೆಯಲ್ಲಿ ನಾನು ಮತ್ತು ಮಾಮಿ ಇಬ್ಬರೇ. ಅವರು ಕಡಿಮೆ ಮಾತಿನವರು, ನಾನೂ ಹಾಗೆಯೇ. ಜಗಳವಿಲ್ಲದೆ ದಿನ ಹೋಗುತ್ತಿತ್ತು. ಸಲುಗೆ ಮಾತ್ರ ಅಷ್ಟಾಗಿ ಬೆಳೆದಿರಲಿಲ್ಲ.

ನೋವಿಗೆ ಒಂದು ಉಪಾಯ ನನಗೆ ಅಕಸ್ಮಾತ್ತಾಗಿ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ತಲೆ ಒರಸಿಕೊಂಡವಳು ಕೈ ಇಳಿಸದೆ ನೆತ್ತಿಯ ಮೇಲೆಯೇ ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಎರಡು ನಿಮಿಷದಲ್ಲಿ ತೋಳಿನ ಉರಿ ಇಳಿದುಹೋಯಿತು. ಅಷ್ಟು ವಾರಗಳಲ್ಲಿ ಮೊದಲ ಬಾರಿಗೆ ನಾನು ನಿರಾಳವಾಗಿ ಉಸಿರು ಬಿಟ್ಟೆ. ಕಣ್ಣು ಮುಚ್ಚಿ ಹಾಗೆಯೇ ಕೂತಿದ್ದೆ.

"ಕೈ ತೆಗಿ!" ಎಂದು ಮಾಮಿ ಕೂಗಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ತಲೆ ಮೇಲೆ ಕೈ ಇಟ್ಟು ಕೂರ್ತಾರಾ? ಅವನು ಅಷ್ಟು ದೂರದಲ್ಲಿ ಇದ್ದಾನೆ, ನೀನು ಇಲ್ಲಿ ಹೀಗೆ ಕೂರುದಾ?"

"ನೋವು ಕಡಿಮೆ ಆಗ್ತದೆ ಮಾಮಿ."

"ಎಂತ ನೋವಾದರೂ ಬೇಡ. ನನ್ನ ಅಪ್ಪ ತೀರಿಕೊಂಡ ದಿನ ಅಮ್ಮ ಹಾಗೆ ಕೂತಿದ್ದರು. ನನಗೆ ಆಗ ಎಂಟು ವರ್ಷ. ಆ ಕೈ ಇವತ್ತಿಗೂ ನನ್ನ ಕಣ್ಣಲ್ಲಿ ಉಂಟು."

ನಾನು ಕೈ ಇಳಿಸಿದೆ. ಉರಿ ಮರಳಿ ಬಂತು. ಮಾಮಿಯ ಮುಖ ನೋಡಿದ ಮೇಲೆ ಎದುರು ಮಾತಾಡಲು ಮನಸ್ಸಾಗಲಿಲ್ಲ. ಅವರಿಗಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅಂದಿನಿಂದ ನಾನು ಮನೆಯಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಶಾಲೆಯಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ, ಕದ್ದುಮುಚ್ಚಿ ತಲೆಯ ಮೇಲೆ ಕೈ ಇಟ್ಟುಕೊಳ್ಳತೊಡಗಿದೆ.

ಶಾಲೆಯಲ್ಲಿ ಅದು ಇನ್ನೊಂದು ತೊಂದರೆಗೆ ದಾರಿಯಾಯಿತು. ನಮ್ಮ ಶಾಲೆ ವೇಣೂರು ರಸ್ತೆಯಲ್ಲಿದೆ. ಹಲಗೆಯ ಮೇಲೆ ಬರೆಯಲಾಗುವುದಿಲ್ಲ, ಸ್ವಲ್ಪ ದಿನ ಹತ್ತನೇ ತರಗತಿಯನ್ನು ಬೇರೆಯವರಿಗೆ ಕೊಡಿ ಎಂದು ನಾನು ಹೆಡ್‌ಮಾಸ್ಟರನ್ನು ಕೇಳಿಕೊಂಡಿದ್ದೆ. ಅವರು ಕೆಟ್ಟವರಲ್ಲ. ಕುರ್ಚಿ ತೋರಿಸಿ ಕೂರಿಸಿ, ಸಂಕೋಚದಿಂದಲೇ ಹೇಳಿದರು:

"ತಪ್ಪು ತಿಳ್ಕೊಳ್ಬೇಡಿ ಟೀಚರ್. ನೀವು ಕೈ ಎತ್ತಿ ತಲೆ ಮೇಲೆ ಇಟ್ಟು ಕೂತದ್ದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿಗೆ ಎತ್ತಲಿಕ್ಕೆ ಆಗ್ತದೆ, ಬೋರ್ಡಿಗೆ ಎತ್ತಲಿಕ್ಕೆ ಆಗುದಿಲ್ಲ ಅಂದರೆ ನಾನು ಬೇರೆಯವರಿಗೆ ಎಂತ ಹೇಳ್ಲಿ?"

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಒಂದೇ ಕೈ, ಒಂದೇ ಎತ್ತರ. ಒಂದು ಕಡೆ ಸುಖ, ಇನ್ನೊಂದು ಕಡೆ ಬೆಂಕಿ. ಮೊಣಕೈ ಮಡಚಿದರೆ ಸರಿ, ಚಾಚಿದರೆ ಇಲ್ಲ. ಬಲಕ್ಕೆ ನೋಡಿದರೆ ಸರಿ, ಎಡಕ್ಕೆ ನೋಡಿದರೆ ಇಲ್ಲ. ಇಂಥ ನೋವು ಇರುತ್ತದೆಯೇ? ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೇ ಅನುಮಾನ ಶುರುವಾಯಿತು. ವಯಸ್ಸು ನಲವತ್ತಾರು, ಕೆಲಸ ಸಾಕಾಗಿದೆ, ಗಂಡ ದೂರ. ಇದೆಲ್ಲ ಸೇರಿ ಮನಸ್ಸೇ ಕೈಯಲ್ಲಿ ನೋವು ಹುಟ್ಟಿಸುತ್ತಿದೆಯೋ ಏನೋ. ನೋವಿಗಿಂತ ಆ ಅನುಮಾನ ನನ್ನನ್ನು ಹೆಚ್ಚು ಕುಗ್ಗಿಸಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಯ ಎಲುಬುಗಳ ನಡುವಿನ ಒಂದು ಡಿಸ್ಕ್ ಹೊರಗೆ ಬಂದು ನರಕ್ಕೆ ತಾಗುತ್ತಿದೆ ಎಂದು ಸರ್ಜನ್ ಚಿತ್ರ ತೋರಿಸಿದರು. ಬೂದುಬಣ್ಣದ ಆ ಚಿತ್ರದಲ್ಲಿ ನನಗೇನೂ ಕಾಣಲಿಲ್ಲ, ತಲೆಯಾಡಿಸಿದೆ.

"ಆಪರೇಷನ್ ಬೇಕಾಗಬಹುದು," ಎಂದರು ಅವರು. "ಈಗಲೇ ಅಂತ ಅಲ್ಲ. ಆರು ವಾರ ಫಿಸಿಯೋಥೆರಪಿ ಮಾಡಿ ನೋಡುವ. ಆದರೆ ಕೈಯ ಶಕ್ತಿ ಕಡಿಮೆ ಆದರೆ, ನಡಿಗೆ ತಪ್ಪಿದರೆ, ಕಾಯಬೇಡಿ, ಅವತ್ತೇ ಬನ್ನಿ."

ಆಪರೇಷನ್ ಕುತ್ತಿಗೆಯ ಮುಂಭಾಗದಿಂದ, ಗಂಟಲ ಪಕ್ಕದಲ್ಲಿ ಎಂದು ಕೇಳಿದಾಗ ಮೊದಲು ನೆನಪಾದದ್ದು ನನ್ನ ಧ್ವನಿ. ಕೈ ಹೋದರೆ ಬಾಯಲ್ಲಾದರೂ ಪಾಠ ಹೇಳಬಹುದು, ಎರಡೂ ಹೋದರೆ? ಧ್ವನಿಗೆ ತೊಂದರೆಯಾಗುವುದು ಅಪರೂಪ ಎಂದು ಅವರು ಹೇಳಿದರು. ನನ್ನ ಕಿವಿಗೆ ಅಪರೂಪ ಎಂಬ ಪದ ಬೀಳಲಿಲ್ಲ, ತೊಂದರೆ ಎಂಬುದಷ್ಟೇ ಬಿತ್ತು.

ಫಿಸಿಯೋಥೆರಪಿಗೆ ನಾನು ಬಂಟ್ವಾಳದ ಬಿ.ಸಿ. ರೋಡ್ ಪೇಟೆಯ ಕ್ಲಿನಿಕ್ಕನ್ನು ಆರಿಸಿಕೊಂಡೆ. ಸಿದ್ದಕಟ್ಟೆ ದಾರಿಯಾಗಿ ಬಸ್ಸಿನಲ್ಲಿ ಒಂದು ಗಂಟೆಯ ಪ್ರಯಾಣ. ಹತ್ತಿರದ ಮೂಡುಬಿದಿರೆ ಬಿಟ್ಟು ಅಷ್ಟು ದೂರ ಯಾಕೆ ಎಂದು ಮಾಮಿ ಕೇಳಿದರು. ಅಲ್ಲಿಯವರು ಒಳ್ಳೆಯವರಂತೆ ಎಂದೆ. ನಿಜ ಬೇರೆ ಇತ್ತು. ಮೂಡುಬಿದಿರೆಯಲ್ಲಿ ಕಾಲಿಟ್ಟಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಸುಳ್ಳು ನೋವಿನ ಟೀಚರ್ ಎಂದು ಅವರ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು. ಮೊದಲ ದಿನ ಮಾಮಿಯೂ ಬಂದರು. ನನ್ನ ಬ್ಯಾಗು ಹಿಡಿದುಕೊಳ್ಳಲು ಎಂದು ಹೇಳಿಕೊಂಡರು.

ಕ್ಲಿನಿಕ್ ಒಂದು ಬಟ್ಟೆಯಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಅಲ್ಲಿ ಯಾರೂ ಊರು, ಹೆಸರು ಕೇಳುವುದಿಲ್ಲ. "ನನಗೆ ಸೊಂಟ. ನಿಮಗೆ?" ಎಂದು ಪಕ್ಕದ ಹೆಂಗಸು ಕೇಳಿದಳು. ಬೀಡಿ ಕಟ್ಟಿ ಕಟ್ಟಿ ಬಂದದ್ದಂತೆ. "ನನಗೆ ಕುತ್ತಿಗೆ," ಎಂದೆ. ಅವಳು ಹೌದಾ ಎಂದು ಜರುಗಿ, ನಾನು ಕೈ ಊರಲು ಕುರ್ಚಿಯ ತೋಳು ಬಿಟ್ಟುಕೊಟ್ಟಳು.

ಸರದಿ ಬರಲು ಬಹಳ ಹೊತ್ತು ಹಿಡಿಯಿತು. ಮಾಮಿ ನೀರು ಕುಡಿಯಲು ಎದ್ದು ಹೋದದ್ದೇ ನಾನು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡೆ. ಅದೇ ಹೊತ್ತಿಗೆ ಒಳಗಿನಿಂದ ಫಿಸಿಯೋಥೆರಪಿಸ್ಟ್ ಝೀನತ್ ಮೇಡಂ ಬಂದರು. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು, ಬಿಳಿ ಕೋಟು, ತಲೆಗೆ ಕಂದು ಸ್ಕಾರ್ಫ್. ನನ್ನ ಫೈಲು ತೆರೆಯುವ ಮೊದಲೇ ಬಾಗಿಲಲ್ಲಿ ನಿಂತು ಕೇಳಿದರು:

"ಕೈ ಹಾಗೆ ಇಟ್ಟರೆ ಕಡಿಮೆ ಆಗ್ತದಾ?"

ನಾನು ಗಾಬರಿಯಿಂದ ಕೈ ಇಳಿಸಿದೆ.

"ಇಳಿಸ್ಬೇಡಿ, ಇಳಿಸ್ಬೇಡಿ. ಕುತ್ತಿಗೆಯ ನರ ಒತ್ತಿದವರು ಸುಮಾರು ಜನ ಹಾಗೇ ಕೂರ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಮೈಗೇ ಗೊತ್ತಾಗ್ತದೆ."

ಅಷ್ಟು ಜನರ ಎದುರು ನಾನು ಅತ್ತುಬಿಟ್ಟೆ. ನೀರು ಕುಡಿದು ಬಂದ ಮಾಮಿ ನಾನು ಅಳುವುದನ್ನು ಕಂಡು, ಈ ಹುಡುಗಿ ನನ್ನ ಸೊಸೆಗೆ ಏನು ಮಾಡಿದಳು ಎಂಬಂತೆ ಮೇಡಂ ಅವರನ್ನು ನೋಡಿದರು. ಮೇಡಂ ಮಾಮಿಯನ್ನೂ ಒಳಗೆ ಕರೆದರು.

ಮಂಚದ ಮೇಲೆ ಅಂಗಾತ ಮಲಗಿದೆ. ಮೊದಲು ಎಡಗೈ, ಚೆನ್ನಾಗಿರುವುದು ಎಷ್ಟು ಹೋಗುತ್ತದೆ ಎಂದು ತಿಳಿಯಲು. ಆಮೇಲೆ ಬಲಗೈ. ಮೇಡಂ ನನ್ನ ಹೆಗಲು ಮೇಲೇಳದಂತೆ ಮೆಲ್ಲಗೆ ಒತ್ತಿ ಹಿಡಿದು, ತೋಳನ್ನು ಪಕ್ಕಕ್ಕೆ ತಂದರು. ಮೊಣಕೈ ಮಡಚಿಯೇ ಇತ್ತು. ಅಂಗೈ ಮತ್ತು ಬೆರಳುಗಳನ್ನು ಹಿಂದಕ್ಕೆ ಬಾಗಿಸಿದರು. ಕೊನೆಗೆ ಮೊಣಕೈಯನ್ನು ಸ್ವಲ್ಪಸ್ವಲ್ಪವೇ ಬಿಡಿಸತೊಡಗಿದರು.

"ನೀವು ತಡ್ಕೊಳ್ಳುದು ಬೇಡ. ಬಂತು ಅಂತ ಹೇಳಿದ ಕೂಡ್ಲೆ ನಿಲ್ಲಿಸ್ತೇನೆ."

ಎಡಗೈ ಸುಮಾರಾಗಿ ನೇರವಾಗುವ ತನಕ ಹೋಗಿತ್ತು. ಬಲಗೈ ಅರ್ಧ ದಾರಿಗೂ ಬರಲಿಲ್ಲ. "ಬಂತು," ಎಂದೆ. ಹಲಗೆಯ ಮುಂದೆ ಬಂದಿದ್ದ ಅದೇ ಕಾದ ತಂತಿ, ಅದೇ ಹೆಬ್ಬೆರಳು. ಅವರು ತಕ್ಷಣ ಅಲ್ಲಿಗೇ ನಿಲ್ಲಿಸಿ, ಒಂದು ಎಳೆ ಸಡಿಲ ಬಿಟ್ಟರು.

"ಈಗ ನಾನು ಕೈ ಅಲುಗಿಸುದಿಲ್ಲ. ನೀವು ತಲೆ ಮಾತ್ರ ಎಡ ಹೆಗಲಿನ ಕಡೆಗೆ ಬಾಗಿಸಿ, ನಿಧಾನ."

ಬಾಗಿಸಿದೆ. ಕೈ ಇದ್ದಲ್ಲಿಯೇ ಇತ್ತು, ಉರಿ ಮಾತ್ರ ಏರಿತು.

"ಈಗ ಬಲಕ್ಕೆ, ನನ್ನ ಕಡೆಗೆ."

ಬಲಕ್ಕೆ ಬಾಗಿಸಿದೆ. ಉರಿ ಇಳಿಯಿತು. ಯಾರೋ ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೆದ ಹಾಗೆ. ಕೈಯಲ್ಲಿ ಏನೂ ಬದಲಾಗಿರಲಿಲ್ಲ. ಅವರ ಬೆರಳುಗಳು ನನ್ನ ಬೆರಳುಗಳನ್ನು ಹಿಡಿದುಕೊಂಡೇ ಇದ್ದವು. ಬದಲಾದದ್ದು ಒಂದು ಗೇಣು ದೂರದಲ್ಲಿದ್ದ ನನ್ನ ತಲೆ.

"ಕೈಯಲ್ಲೇ ಏಟಾಗಿದ್ದರೆ ತಲೆ ಬಾಗಿಸಿದ್ದಕ್ಕೆ ಹೀಗೆ ಆಗ್ತಿರಲಿಲ್ಲ ಟೀಚರ್," ಎಂದರು. "ನರ ಕುತ್ತಿಗೆಯಿಂದ ಬೆರಳಿನ ತನಕ ಒಂದೇ ದಾರ. ಈಗ ಅದಕ್ಕೆ ಸಿಟ್ಟು ಬಂದಿದೆ. ಎರಡೂ ಕಡೆಯಿಂದ ಎಳೆದರೆ ಕೂಗ್ತದೆ, ಒಂದು ಕಡೆ ಸಡಿಲ ಬಿಟ್ಟರೆ ಸುಮ್ಮನಾಗ್ತದೆ. ನಿಮ್ಮ ನೋವು ಕೈ, ತಲೆ ಇಟ್ಟ ಹಾಗೆಲ್ಲ ಬದಲಾಗುದು ನೀವು ನಾಟಕ ಮಾಡುದಕ್ಕಲ್ಲ. ಅದರ ಗುಣವೇ ಅದು."

ನಾಟಕ ಎಂಬ ಪದವನ್ನು ನಾನು ಅವರ ಮುಂದೆ ಎತ್ತಿಯೇ ಇರಲಿಲ್ಲ. ನನ್ನಂಥವರನ್ನು ಬಹಳ ಜನರನ್ನು ನೋಡಿರಬೇಕು.

ಗೋಡೆಗೆ ಒರಗಿ ನಿಂತಿದ್ದ ಮಾಮಿ ಹತ್ತಿರ ಬಂದರು. ಇದೇನು ಇಂದ್ರಜಾಲವೋ ಎಂಬ ಗುಮಾನಿ ಮುಖದಲ್ಲಿತ್ತು. ಮೇಡಂ ನಗುತ್ತ, "ಅಮ್ಮಾ, ನಿಮ್ಮದೂ ನೋಡುವನಾ?" ಎಂದರು. ಮಾಮಿ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಮಲಗಿದರು. ಅವರ ಕೈ ಪೂರ್ತಿ ನೇರವಾಗುವ ಹೊತ್ತಿಗೆ ಮೊಣಕೈ ಹತ್ತಿರ ಸಣ್ಣ ಎಳೆತ ಬಂತಂತೆ. ತಲೆಯನ್ನು ಆಚೆ ಬಾಗಿಸಲು ಹೇಳಿದಾಗ ಮಾಮಿಯ ಕಣ್ಣು ಅರಳಿತು.

"ಅಯ್ಯೋ ದೇವರೇ, ಕುತ್ತಿಗೆ ತಿರುಗಿಸಿದರೆ ಬೆರಳಿಗೆ ಜುಂ ಅಂತದೆ!"

"ಎಲ್ಲರಿಗೂ ಅಷ್ಟು ಆಗ್ತದೆ ಅಮ್ಮಾ. ನಿಮ್ಮದು ಆರೋಗ್ಯದ ಕೈ, ಕೊನೆಗೆ ಸ್ವಲ್ಪ ಜುಂ ಅಂತದೆ. ಇವರದ್ದು ಅರ್ಧಕ್ಕೇ ಬೆಂಕಿ."

ಮಾಮಿ ಎದ್ದು ಕೂತು ತಮ್ಮ ಅಂಗೈಯನ್ನು ತಾವೇ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಸಿದ್ದಕಟ್ಟೆಯ ತನಕ ಅವರು ತಮ್ಮ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಚಹಾ ಕುಡಿದು ಕೂತಿದ್ದೆ. ಮಾಮಿ ಮೈ ಒರಸುವ ಒಂದು ಬೈರಾಸನ್ನು ನಾಲ್ಕು ಮಡಿಕೆ ಮಾಡಿ ತಂದು, ನನ್ನ ತಲೆಯ ಮೇಲಿಟ್ಟರು. ಏನಿದು ಎಂದು ನಾನು ನೋಡುವಷ್ಟರಲ್ಲಿ ನನ್ನ ಬಲಗೈಯನ್ನು ಎತ್ತಿ ಆ ಬಟ್ಟೆಯ ಮೇಲಿಟ್ಟರು.

"ಈಗ ಕೈ ತಲೆ ಮೇಲೆ ಇಲ್ಲ, ಬೈರಾಸಿನ ಮೇಲೆ ಉಂಟು," ಎಂದರು. "ಎಷ್ಟು ಹೊತ್ತು ಬೇಕಾದರೂ ಕೂರು."

ಇಬ್ಬರೂ ನಗಲಿಲ್ಲ. ಅವರಿಗದು ತಮಾಷೆಯಾಗಿರಲಿಲ್ಲ, ನನಗೂ ಅಲ್ಲ. ಮಗನಿಗೂ ತೊಂದರೆಯಾಗಬಾರದು, ಸೊಸೆಗೂ ನೋವಾಗಬಾರದು ಎಂದು ರಾತ್ರಿಯೆಲ್ಲ ಯೋಚಿಸಿ ಕಂಡುಕೊಂಡ ದಾರಿ ಅದು. ಹರೀಶರಿಗೆ ನಾವು ಅಲ್ಲಿಯ ತನಕ ಕೈನೋವು ಎಂದಷ್ಟೇ ಹೇಳಿದ್ದೆವು. ಆ ದಿನ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. "ನಾನು ಬರ್ತೇನೆ," ಎಂದರು ಅವರು. "ಆಪರೇಷನ್ ಅಂತಾದರೆ ಬನ್ನಿ, ಈಗ ಮಾಮಿ ಇದ್ದಾರೆ," ಎಂದೆ. ಮದುವೆಯಾದ ಮೇಲೆ ಮಾಮಿ ಇದ್ದಾರೆ ಎಂಬ ಮಾತನ್ನು ಮನಸಾರೆ ಹೇಳಿದ್ದು ಅದೇ ಮೊದಲು.

ಇಲ್ಲಿಂದ ಮುಂದೆ ಎಲ್ಲವೂ ಒಳ್ಳೆಯದೇ ಆಯಿತು ಎಂದು ಬರೆಯಲು ಆಸೆ. ಹಾಗಾಗಲಿಲ್ಲ, ತಪ್ಪು ನನ್ನದೇ. ವಾರಕ್ಕೆ ಮೂರು ದಿನ ಬಿ.ಸಿ. ರೋಡಿಗೆ ಹೋಗುತ್ತಿದ್ದೆ. ಕೈ ಚಾಚುವಾಗ ತಲೆಯನ್ನೂ ಅದೇ ಕಡೆಗೆ ಬಾಗಿಸುವ ಒಂದು ಮೆಲ್ಲನೆಯ ವ್ಯಾಯಾಮ ಕೊಟ್ಟಿದ್ದರು. ನರ ಎಳೆಯದೆ ಜಾರಲಿ ಎಂದು. ಎರಡು ವಾರದಲ್ಲಿ ಮೊಣಕೈ ಇನ್ನಷ್ಟು ಬಿಚ್ಚಿಕೊಂಡಿತು. ಆ ಖುಷಿಯಲ್ಲಿ ನಾನು ಮೇಡಂ ಮಾಡಿದ್ದ ಪರೀಕ್ಷೆಯನ್ನು ಮನೆಯಲ್ಲಿ ನಾನೇ ಮಾಡಿಕೊಳ್ಳತೊಡಗಿದೆ. ಅಂಗೈಯನ್ನು ಗೋಡೆಗೆ ಒತ್ತಿ, ಮೊಣಕೈ ನೇರ ಮಾಡಿ, ತಲೆಯನ್ನು ಆಚೆ ಬಾಗಿಸಿ, ಇವತ್ತು ಎಷ್ಟು ಬಂತು ಎಂದು ನೋಡುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಶಾಲೆಯಲ್ಲಿ ಪ್ರತಿ ಎರಡು ಪಿರಿಯಡ್‌ಗಳ ನಡುವೆ ಒಮ್ಮೆ. ಗಣಿತದವಳಿಗೆ ಅಳೆಯುವ ಚಟ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಲು ಹೋದರೆ ಕೀ ತಿರುಗಿಸಲಾಗಲಿಲ್ಲ. ತೋಳು ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಕೈಯ ಶಕ್ತಿ ಕಡಿಮೆ ಆದರೆ ಅವತ್ತೇ ಬನ್ನಿ ಎಂಬ ಸರ್ಜನರ ಮಾತು ಕಿವಿಯಲ್ಲಿ ಮೊಳಗಿತು. ಮಾಮಿ ನನ್ನ ಕೈಯಿಂದ ಕೀ ತೆಗೆದುಕೊಂಡು ಬೀಗ ಹಾಕಿದರು. ಮೊದಲು ಬಿ.ಸಿ. ರೋಡಿಗೆ ಹೋಗಿ ತೋರಿಸಿ, ಅಲ್ಲಿಂದಲೇ ಮಂಗಳೂರಿಗೆ ಹೋಗುವುದೆಂದು ಇಬ್ಬರೂ ಬಸ್ಸು ಹತ್ತಿದೆವು. ಆ ಒಂದು ಗಂಟೆ ನಾನು ಮನಸ್ಸಿನಲ್ಲೇ ಕೆಲಸ ಬಿಟ್ಟೆ, ಎಡಗೈಯಲ್ಲಿ ಬರೆಯಲು ಕಲಿತೆ, ಆಪರೇಷನ್ನಿನ ಮಂಚದ ಮೇಲೆ ಮಲಗಿದೆ.

ಝೀನತ್ ಮೇಡಂ ಮಣಿಕಟ್ಟು, ಮೊಣಕೈ, ಒಂದೊಂದು ಬೆರಳನ್ನೂ ಒತ್ತಿ ನೋಡಿದರು. ಕಾಲು ನೋಡಿದರು, ನಡೆಸಿ ನೋಡಿದರು. ಮೊದಲ ದಿನದ ಬರಹಕ್ಕೆ ಹೋಲಿಸಿದರು.

"ಶಕ್ತಿ ಹೋಗಿಲ್ಲ. ನೋವಿಗೆ ಹೆದರಿ ಕೈ ಒತ್ತುದಿಲ್ಲ, ಅಷ್ಟೇ. ಸರ್ಜನರಿಗೆ ನಾನೇ ಫೋನ್ ಮಾಡಿ ಕೇಳ್ತೇನೆ. ಟೀಚರ್, ಮನೆಯಲ್ಲಿ ಎಂತ ಮಾಡಿದಿರಿ?"

ನಾನು ಹೇಳಿದೆ. ಹೋಮ್‌ವರ್ಕ್ ಮಾಡದೆ ಬಂದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿಕೊಂಡು ಹೇಳಿದೆ.

"ದಿನಕ್ಕೆ ಎಷ್ಟು ಸಲ?"

"ಹತ್ತು… ಹನ್ನೆರಡು ಇರಬಹುದು."

ಅವರು ಬೈಯಲಿಲ್ಲ. "ಗಾಯದ ಹಕ್ಕಳೆಯನ್ನು ದಿನಾ ಕಿತ್ತು, ವಾಸಿ ಆಯ್ತಾ ಅಂತ ನೋಡಿದ ಹಾಗೆ ಆಯ್ತಲ್ಲ ಇದು. ನೋಡುದು ನನ್ನ ಕೆಲಸ. ನೀವು ಹದಿನೈದು ದಿನ ನೋಡ್ಬೇಡಿ."

ಫೋನಿನಲ್ಲಿ ಸರ್ಜನರೂ ಕಾದು ನೋಡುವ ಎಂದರು. ನೋಡದೆ ಇರುವುದು ನನಗೆ ಆ ಇಡೀ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಗೋಡೆ ಕಂಡಲ್ಲೆಲ್ಲ ಕೈ ಹೋಗುತ್ತಿತ್ತು. ಮಾಮಿ ಅಡುಗೆಮನೆಯಿಂದಲೇ "ಟೀಚರ್!" ಎಂದು ಮೇಡಂ ಅವರ ಧ್ವನಿಯಲ್ಲಿ ಕೂಗುತ್ತಿದ್ದರು. ನಾನು ಕೈ ಹಿಂದೆಗೆಯುತ್ತಿದ್ದೆ.

ಆರು ವಾರ ಎಂದದ್ದು ನಾಲ್ಕು ತಿಂಗಳಾಯಿತು. ಆಪರೇಷನ್ ಬೇಕಾಗಲಿಲ್ಲ, ಇಲ್ಲಿಯವರೆಗೆ. ಮೊಣಕೈ ಈಗ ಹೆಚ್ಚುಕಡಿಮೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೆಬ್ಬೆರಳಿನ ತುದಿಯ ಜೋಮು ಹೋಗಿಲ್ಲ, ಹೋಗದಿರಲೂಬಹುದು ಎಂದು ಸರ್ಜನ್, ಮೇಡಂ ಇಬ್ಬರೂ ಹೇಳಿದ್ದಾರೆ. ಸೂಜಿಗೆ ನೂಲು ಪೋಣಿಸಲು ಆಗುವುದಿಲ್ಲ. ಶಾಲೆಯಲ್ಲಿ ಹೆಡ್‌ಮಾಸ್ಟರು ಹತ್ತನೇ ತರಗತಿಯನ್ನು ತಗ್ಗಿನ ಹಲಗೆಯಿರುವ ಕೋಣೆಗೆ ಬದಲಾಯಿಸಿಕೊಟ್ಟರು. ಕ್ಷಮೆ ಕೇಳಲಿಲ್ಲ, ನಾನು ಬಯಸಲೂ ಇಲ್ಲ. ಈಗ ಪೂರ್ತಿ ಹಲಗೆಗೆ ಮುಖಮಾಡಿ ಬರೆಯುತ್ತೇನೆ. ಬರೆದಾದ ಮೇಲೆ ಮೈಯೆಲ್ಲ ತಿರುಗಿಸಿ ಮಕ್ಕಳನ್ನು ನೋಡುತ್ತೇನೆ. ಬೆನ್ನು ಹಾಕಿದಾಗ ಅವರು ಮಾತಾಡುತ್ತಾರೆ. ಮಾತಾಡಲಿ.

ಚಿಕಿತ್ಸೆ ಮುಗಿದು ಒಂದೆರಡು ವಾರವಾಗಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಾಮಿ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಏನೋ ಹೇಳಲು ಬಂದವರು ಹೇಳದೆ ಸೆರಗಿನ ಅಂಚು ಮಡಚುತ್ತಿದ್ದರು. ನಾನು ಪೆನ್ನು ಕೆಳಗಿಟ್ಟೆ.

"ಎಂತ ಮಾಮಿ?"

"ನನ್ನ ಎಡಗಾಲು," ಎಂದರು. "ನಡೆದರೆ ಎಂತ ಇಲ್ಲ. ಕೂತು ಕಾಲು ಚಾಚಿದರೆ ಹಿಂಬದಿಯಿಂದ ಹಿಮ್ಮಡಿ ತನಕ ಎಳೀತದೆ. ತಲೆ ತಗ್ಗಿಸಿದರೆ ಜಾಸ್ತಿ."

"ಯಾವಾಗಿನಿಂದ?"

"ಹರೀಶ ಮೊದಲ ಸಲ ಗಲ್ಫಿಗೆ ಹೋದ ವರ್ಷದಿಂದ."

ಹದಿನಾಲ್ಕು ವರ್ಷ. ಅಷ್ಟು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದೆವು.

"ಒಂದು ಮಾತು ಹೇಳ್ಲಿಲ್ಲ ಮಾಮಿ ನೀವು!"

"ಹೇಗೆ ಹೇಳುದು? ಗದ್ದೆಗೆ ಹೋಗಲಿಕ್ಕೆ ಆಗ್ತದೆ, ದೇವಸ್ಥಾನದ ಮೆಟ್ಟಿಲು ಹತ್ತಲಿಕ್ಕೆ ಆಗ್ತದೆ. ಕೂತು ಕಾಯಿ ತುರಿಯಲಿಕ್ಕೆ ಮಾತ್ರ ಆಗುದಿಲ್ಲ ಅಂದರೆ ಯಾರು ನಂಬ್ತಾರೆ? ಕೆಲಸಕ್ಕೆ ಉದಾಸೀನ ಅಂತಾರೆ." ನನ್ನನ್ನು ನೋಡದೆ ಕೇಳಿದರು: "ನೀನು ನಂಬ್ತೀಯಾ?"

ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. "ನಂಬ್ತೇನೆ," ಎಂದೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಅರ್ಧ ದಿನದ ರಜೆ ಹಾಕಿ ಇಬ್ಬರೂ ಬಿ.ಸಿ. ರೋಡಿಗೆ ಹೋದೆವು. ಈ ಸಲ ಬ್ಯಾಗು ಹಿಡಿದುಕೊಂಡವಳು ನಾನು. ಝೀನತ್ ಮೇಡಂ ಮಾಮಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಬೆನ್ನು ಬಗ್ಗಿಸಿ ಗದ್ದವನ್ನು ಎದೆಗೆ ತರಲು ಹೇಳಿ, ಎಡಗಾಲನ್ನು ನಿಧಾನವಾಗಿ ಮೇಲೆತ್ತತೊಡಗಿದರು. ಮಾಮಿ ತುಟಿ ಕಚ್ಚಿಕೊಂಡರು. ಕಾಲು ಇನ್ನೂ ಮೇಲೇರುತ್ತಿತ್ತು, ಅವರ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ನಾನು ಅವರ ಕೈ ಹಿಡಿದುಕೊಂಡೆ. "ಮಾಮಿ, ಬಂದರೆ ಬಂತು ಅಂತ ಹೇಳಿ."

"ಬಂತು," ಎಂದರು ಮಾಮಿ.

ಮೇಡಂ ಕಾಲನ್ನು ಅಲ್ಲಿಯೇ ನಿಲ್ಲಿಸಿದರು.